ಖರ್ಚಿನ ಲೆಕ್ಕ ಕೇಳುತ್ತಿದ್ದ ಧ್ವನಿ

ಆ ಆ್ಯಪ್ ಮಾಡಲು ಹೊರಟಾಗ ಅದಕ್ಕೊಂದು ಧ್ವನಿ ಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿ ನಮ್ಮ ಕಚೇರಿ. ಹೊಸದಾಗಿ ದುಡಿಯಲು ಶುರು ಮಾಡಿದ ಹುಡುಗ ಹುಡುಗಿಯರು ತಮ್ಮ ಖರ್ಚು ಗಮನಿಸಿಕೊಂಡು, ಸ್ವಲ್ಪ ಉಳಿಸಿ, ಬಡ್ಡಿ ಎಂದರೇನು, ವಿಮೆ ಎಂದರೇನು ಎಂದು ತಿಳಿದುಕೊಳ್ಳಲಿ ಎಂಬುದು ನಮ್ಮ ಉದ್ದೇಶ. ದುಡ್ಡು ಯಾವುದೋ ದತ್ತಿ ಸಂಸ್ಥೆಯದು. ಕಚೇರಿ ನಡೆಸುತ್ತಿದ್ದವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು; ಅವರು ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಮೊಬೈಲಿನ ಪರದೆ ಹೇಗಿರಬೇಕು, ಅದರಲ್ಲಿ ಯಾವ ಮಾತಿರಬೇಕು ಎಂದು ರೂಪಿಸುವುದು ನನ್ನ ಕೆಲಸ.

ಮೊದಲ ಮಾದರಿಯನ್ನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳ ಕೈಗೆ ಕೊಟ್ಟೆವು. ಓದುತ್ತಲೇ ಅಂಗಡಿಗಳಲ್ಲಿ, ಮಂಡಿಗಳಲ್ಲಿ ಸಂಜೆ ಕೆಲಸ ಮಾಡುವ ಮಕ್ಕಳು ಅವರು. 'ನಿಮ್ಮ ಮಾಸಿಕ ವೆಚ್ಚಗಳನ್ನು ನಮೂದಿಸಿ' ಎಂದು ಪರದೆಯ ಮೇಲೆ ಬಂತು. ನಾನೇ ಬರೆದದ್ದು. ಎಲ್ಲರೂ ಅದನ್ನು ನೋಡುತ್ತಾ ತೆಪ್ಪಗೆ ಕೂತರು. ಯಾರೂ ಏನನ್ನೂ ನಮೂದಿಸಲಿಲ್ಲ.

ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಪಕ್ಕದವಳಿಗಾಗಿ ಅದನ್ನು ಗಟ್ಟಿಯಾಗಿ ಓದಿದಳು. ಓದಿ, ಮುಖ ಸೊಟ್ಟಗೆ ಮಾಡಿ, ಅದನ್ನೇ ತನ್ನ ಮಾತಿನಲ್ಲಿ ಕೇಳಿದಳು. "ಈ ತಿಂಗಳು ಏನೇನಕ್ಕೆ ಖರ್ಚಾಯ್ತು, ಹೇಳಮ್ಮ ನೋಡಣ. ಬೈಯಲ್ಲ ಕಣೇ, ಹೇಳು."

ಪಕ್ಕದವಳು ನಕ್ಕು ಹೇಳತೊಡಗಿದಳು. ಬಸ್ಸಿಗೆ ಇಷ್ಟು, ಮೊಬೈಲಿಗೆ ಇಷ್ಟು, ಗೋಬಿ ಮಂಚೂರಿಗೆ ಇಷ್ಟು. ಹಿಂದಿನ ಬೆಂಚಿನ ಹುಡುಗರೂ ಬಗ್ಗಿ ನೋಡಿ, "ನಮ್ಗೂ ಕೇಳು, ನಾವೂ ಹೇಳ್ತೀವಿ" ಅಂದರು. ಅವಳ ಧ್ವನಿ ಇಂಪಾದದ್ದೇನಲ್ಲ. ಸ್ವಲ್ಪ ದಪ್ಪ. ಮನೆಮಾತು ತೆಲುಗಾದ್ದರಿಂದ ಪ್ರತಿ ಮಾತಿನ ಕೊನೆಗೂ ಒಂದು ಎಳೆತ. ಆದರೆ ಆ ಧ್ವನಿ ಕೇಳಿದರೆ ಉತ್ತರ ಕೊಡಬೇಕು ಅನ್ನಿಸುತ್ತಿತ್ತು. ಅಡುಗೆಮನೆಯಿಂದ ಅಕ್ಕ ಏನೋ ಕೇಳಿದರೆ ನಾವು ಯೋಚಿಸದೆ ಓಗೊಡುವುದಿಲ್ಲವೇ, ಹಾಗೆ.

ವಾಪಸು ಬರುವಾಗ ಸರ್ ಕಾರಿನಲ್ಲಿ ಹೇಳಿದರು, "ನೀವು ಬರೆದಿದ್ದೆಲ್ಲ ತೆಗೆದುಹಾಕಿ. ಆ ಹುಡುಗಿ ಮಾತಾಡಲಿ."

ನನಗೆ ಬೇಜಾರಾಗಲಿಲ್ಲ. ಅವರು ಹೇಳಿದ್ದು ಸರಿ ಎಂದು ಕಣ್ಣಾರೆ ನೋಡಿದ್ದೆ.

ಕೇಳಲು ಅವಳ ಮನೆಗೆ ಹೋದೆ. ಅಪ್ಪ ಟೊಮೆಟೊ ಮಂಡಿಗೆ ಗೂಡ್ಸ್ ಆಟೋ ಓಡಿಸುತ್ತಿದ್ದರು. ಅಮ್ಮ ಮನೆಯ ಮುಂಬಾಗಿಲಲ್ಲೇ ಹೊಲಿಗೆ ಮಿಷಿನ್ ಇಟ್ಟುಕೊಂಡು ಬೀದಿಯವರ ರವಿಕೆ ಹೊಲಿಯುತ್ತಿದ್ದರು. ಹುಡುಗಿ ಒಬ್ಬಳೇ ಮಗಳು. ನಾನು ವಿಷಯ ಹೇಳಿದ ಮೇಲೆ ಅಮ್ಮ ಮಿಷಿನ್ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

"ಫೋಟೋ ಗೀಟೋ ಹಾಕಲ್ವಲ್ಲಮ್ಮಾ? ನಾಳೆ ಮದ್ವೆ ಆಗೋ ಹುಡುಗಿ."

"ಇಲ್ಲಮ್ಮ, ಮುಖ ಎಲ್ಲೂ ಬರಲ್ಲ. ಬರೀ ಧ್ವನಿ."

"ಧ್ವನಿ ತಾನೆ. ಹಂಗಾದ್ರೆ ಆಗ್ಲಿ ಬಿಡು."

ಚಿಕ್ಕಬಳ್ಳಾಪುರದ ಕಚೇರಿಯ ಚಿಕ್ಕ ಕೋಣೆಯ ಗೋಡೆಗಳಿಗೆ ನಮ್ಮ ಮನೆಯ ಕೌದಿ, ರಗ್ಗುಗಳನ್ನೆಲ್ಲ ತಂದು ನೇತುಹಾಕಿ ಧ್ವನಿಮುದ್ರಣ ಮಾಡಿದೆವು. ಫ್ಯಾನ್ ಹಾಕುವಂತಿರಲಿಲ್ಲ. ಕೆಳಗೆ ಲಾರಿ ಹೋದರೆ ನಿಲ್ಲಿಸಬೇಕು. ಅವಳು ಬೆವರು ಒರೆಸಿಕೊಳ್ಳುತ್ತಾ, ಮಧ್ಯೆ ಮಧ್ಯೆ ನನ್ನ ವಾಕ್ಯಗಳನ್ನು ತಿದ್ದುತ್ತಾ ಓದುತ್ತಿದ್ದಳು. "ಅಕ್ಕಾ, 'ಉಳಿತಾಯ ಮಾಡಿ' ಅಂದ್ರೆ ಬ್ಯಾಂಕ್‌ನವ್ರು ಬಂದಂಗಾಯ್ತದೆ. 'ಒಂದಷ್ಟು ಎತ್ತಿಡಪ್ಪ' ಅನ್ನಣ." ನಾನು ತಿದ್ದಿಕೊಳ್ಳುತ್ತಿದ್ದೆ. ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹುಣ್ಣಿಮೆಯ ದಿನ ನಮ್ಮಮ್ಮ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳುವಾಗ ಪಕ್ಕದಲ್ಲಿ ಕೂತು ಇವಳೂ ಹೇಳಿದಳು. "ಎಷ್ಟು ಚೆನ್ನಾಗಿ ಹೇಳ್ತೀಯೇ ಮಗ" ಎಂದು ಅಮ್ಮ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ್ದರು.

ಕೊನೆಯ ವಾರ ಸರ್ ಬೇರೆ ಏನನ್ನೋ ಓದಿಸಿದರು. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ವಾಕ್ಯ. ಕೊಳದಲ್ಲಿ ಬಾತುಕೋಳಿ ಈಜಿತು, ಮಂತ್ರಿಯ ಛತ್ರಿ ಹರಿಯಿತು, ಇಂಥವು.

"ಇದ್ಯಾಕ್ ಸರ್? ಇದ್ರಲ್ಲಿ ಖರ್ಚೂ ಇಲ್ಲ, ಉಳಿಕೇನೂ ಇಲ್ಲ" ಎಂದು ಅವಳು ನಕ್ಕಳು.

"ಇದರಲ್ಲಿ ಕನ್ನಡದ ಎಲ್ಲ ಉಚ್ಚಾರಣೆಗಳೂ ಬರುತ್ತವೆ. ಒಂದು ಸಲ ಓದಿಕೊಟ್ಟರೆ ಸಾಕು. ಆಮೇಲೆ ನಾವು ಏನು ಬರೆದರೂ ಕಂಪ್ಯೂಟರ್ ನಿಮ್ಮ ಧ್ವನಿಯಲ್ಲೇ ಹೇಳುತ್ತದೆ. ನಿಮ್ಮನ್ನು ಮತ್ತೆ ಮತ್ತೆ ಕರೆಸಬೇಕಾಗಿಲ್ಲ."

"ಅಂದ್ರೆ ನಾನು ಮನೇಲಿ ಮಲಗಿದ್ರೂ ಇಲ್ಲಿ ಕೆಲ್ಸ ಮಾಡ್ತಾ ಇರ್ತೀನಿ ಅನ್ನಿ" ಎಂದು ಅವಳು ಖುಷಿಪಟ್ಟಳು. ಇಂಗ್ಲಿಷಿನಲ್ಲಿದ್ದ ಕರಾರಿಗೆ ಸಹಿ ಮಾಡಿ, ಬಂದ ದುಡ್ಡಿನಲ್ಲಿ ಅಮ್ಮನ ಹೊಲಿಗೆ ಮಿಷಿನ್ನಿಗೆ ಮೋಟಾರ್ ಹಾಕಿಸಿದಳು.

ಆ್ಯಪ್ ಹೊರಬಂತು. ಗೌರಿಬಿದನೂರಿನ ಕಾರ್ಖಾನೆಗಳಲ್ಲಿ, ಶಿಡ್ಲಘಟ್ಟದ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಹತ್ತಿರ ಹೋಗಿ ಬಳಸುವುದನ್ನು ಹೇಳಿಕೊಟ್ಟೆವು. ಸಂಜೆ ಕೆಲಸ ಬಿಡುವ ಹೊತ್ತಿಗೆ ಮೊಬೈಲು ಅವಳ ಧ್ವನಿಯಲ್ಲಿ ಕೇಳುತ್ತಿತ್ತು, "ಇವತ್ತು ಏನಕ್ಕೆ ಖರ್ಚಾಯ್ತಪ್ಪ? ಹೇಳು ನೋಡಣ. ಬೈಯಲ್ಲ." ಹುಡುಗರು ಮೊಬೈಲನ್ನು ಬಾಯಿ ಹತ್ತಿರ ಹಿಡಿದು ಉತ್ತರ ಹೇಳುತ್ತಿದ್ದರು. ಗೌರಿಬಿದನೂರಿನಲ್ಲಿ ಒಬ್ಬ, ರೂಮಿನಲ್ಲಿ ತಾನೊಬ್ಬನೇ ಇರುವುದೆಂದೂ ದಿನದಲ್ಲಿ ತನ್ನನ್ನು 'ಅಪ್ಪ' ಎಂದು ಮಾತಾಡಿಸುವುದು ಇದೊಂದೇ ಎಂದೂ ನನಗೆ ಹೇಳಿದ್ದ. ಅವನ ಮಾತನ್ನು ನಾನು ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಸರ್ ಅದನ್ನು ದತ್ತಿ ಸಂಸ್ಥೆಗೆ ಕಳಿಸಿದ ವರದಿಯಲ್ಲೂ ಸೇರಿಸಿದರು.

ಆದರೆ ಮರುವರ್ಷ ದತ್ತಿ ಸಂಸ್ಥೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಸರ್ ಕೆಲವು ತಿಂಗಳು ಕೈಯಿಂದ ಸಂಬಳ ಕೊಟ್ಟರು. ಆಮೇಲೆ ಒಂದು ದಿನ ನಮ್ಮನ್ನೆಲ್ಲ ಕೂರಿಸಿ, ಬೆಂಗಳೂರಿನ ಒಂದು ಕಂಪನಿಗೆ ಎಲ್ಲವನ್ನೂ ಮಾರಿದ್ದೇನೆ ಎಂದರು. ಆ್ಯಪ್ ನಿಂತುಹೋಯಿತು. ನಾನು ಊರಲ್ಲೇ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆ, ಬ್ಯಾನರುಗಳ ಡಿಸೈನ್ ಕೆಲಸಕ್ಕೆ ಸೇರಿದೆ. ಅವಳು ಅಷ್ಟರಲ್ಲಿ ಪದವಿ ಮುಗಿಸಿ ಚಿಂತಾಮಣಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನಲ್ಲಿ ಕೂತಿದ್ದಳು. ಯಾವಾಗಲಾದರೂ ಫೋನ್ ಮಾಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಹೊಸ ಕೆಲಸ, ಬಿಡುವಿಲ್ಲ ಎಂದುಕೊಂಡೆ.

ಒಂದು ದಿನ ಪ್ರೆಸ್ಸಿನ ಕೆಲಸದ ಮೇಲೆ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಹುಡುಗನಿಗೆ ಫೋನ್ ಬಂತು. ಕಿವಿಗಿಡಲು ಹೋಗಿ ಕೈತಪ್ಪಿ ಸ್ಪೀಕರ್ ಒತ್ತಿಬಿಟ್ಟ.

"ಕಂತು ಬಾಕಿ ಇದೆ ಕಣಪ್ಪ. ಇವತ್ತು ಕಟ್ಟಿಬಿಡು. ನಿಮ್ಮನೇಲಿ ಗೊತ್ತಾದ್ರೆ ಚೆನ್ನಾಗಿರಲ್ಲ, ಅಲ್ವಾ?"

ಅದೇ ದಪ್ಪ ಧ್ವನಿ. ಮಾತಿನ ಕೊನೆಯಲ್ಲಿ ಅದೇ ಎಳೆತ. ಹುಡುಗ ಗಾಬರಿಯಿಂದ ಫೋನ್ ಆಫ್ ಮಾಡಿ ಸುತ್ತ ನೋಡಿದ. ನನ್ನ ಕಣ್ಣಿಗೆ ಸಿಕ್ಕಿಬಿದ್ದು ತಲೆ ತಗ್ಗಿಸಿದ. ಯಾರ ಫೋನ್ ಎಂದು ನಾನು ಕೇಳಿದೆ. "ಯಾರೋ ಮೇಡಂ, ಲೋನ್‌ದು" ಎಂದು ಎದ್ದು ಹಿಂದಕ್ಕೆ ಹೋಗಿಬಿಟ್ಟ.

ಬಸ್ಸಿಳಿದ ತಕ್ಷಣ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಶಿಡ್ಲಘಟ್ಟದ ಕೆಲಸ ಬಿಟ್ಟು ಚಿಂತಾಮಣಿಗೆ ಹೋದೆ. ಅವಳ ಮನೆ ಬಾಗಿಲು ಮುಚ್ಚಿತ್ತು. ಹೊಲಿಗೆ ಮಿಷಿನ್ ಒಳಗೆ ಸೇರಿತ್ತು. ಅಮ್ಮ ಬಾಗಿಲು ತೆರೆದು ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಅವಳು ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದಳು.

"ಕೇಳಿದ್ರಾ ಅಕ್ಕಾ?" ಅಂದಳು. ಅವಳಿಗೆ ತಿಳಿದು ಆಗಲೇ ತಿಂಗಳ ಮೇಲಾಗಿತ್ತು.

ನಮ್ಮ ಆ್ಯಪ್ ಕೊಂಡ ಕಂಪನಿ ಮೊಬೈಲಿನಲ್ಲೇ ಚಿಕ್ಕ ಚಿಕ್ಕ ಸಾಲ ಕೊಡುವಂಥದ್ದು. ಖರ್ಚು ಕೇಳುವ ಆ್ಯಪ್ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಜನ ಓಗೊಡುವ ಧ್ವನಿ. ಕಂತು ತಪ್ಪಿದವರಿಗೆಲ್ಲ ಕಂಪ್ಯೂಟರ್ ಅವಳ ಧ್ವನಿಯಲ್ಲಿ ಫೋನ್ ಮಾಡುತ್ತಿತ್ತು. ನಮ್ಮ ಸುತ್ತಲ ಊರುಗಳ ಹುಡುಗರು ಎಷ್ಟೋ ಜನ ಅದರಲ್ಲಿ ಸಾಲ ತೆಗೆದಿದ್ದರು.

ಅವಳ ಎದುರುಮನೆಯವನೂ ಒಬ್ಬ. ಅವಳ ವಾರಿಗೆಯವನೇ, ಬೈಕ್ ಷೋರೂಮಿನಲ್ಲಿ ಕೆಲಸ. ಅವನ ತಾಯಿ ಮಗನ ಫೋನನ್ನು ಒಂದು ದಿನ ತಾವೇ ಎತ್ತಿದ್ದರು. ಎತ್ತಿದವರು ನೇರ ರಸ್ತೆ ದಾಟಿ ಬಂದು ಇವರ ಬಾಗಿಲಲ್ಲಿ ನಿಂತು ಕೂಗಾಡಿದ್ದರು. ಅದನ್ನು ಅವಳಮ್ಮ ನನಗೆ ಹೇಳಿದರು.

"ನಿನ್ ಮಗಳು ನನ್ ಮಗನಿಗೆ ದಿನಾ ಫೋನ್ ಮಾಡಿ ಹೆದರಿಸ್ತಾಳೆ ಅಂದ್ಳಮ್ಮಾ. ಅದು ಮಿಷಿನ್ ಅಕ್ಕಾ, ನನ್ ಮಗಳಲ್ಲ ಅಂದೆ. ಮಿಷಿನ್‌ಗೆ 'ಕಣಪ್ಪ' ಅನ್ನೋಕ್ ಬರ್ತದೇನೇ, ಯಾರಿಗೆ ಹೇಳ್ತೀಯ ಅಂದ್ಳು. ಇಡೀ ಬೀದಿ ನಿಂತು ನೋಡ್ತಿತ್ತು. ಅವತ್ತಿಂದ ಒಂದು ರವಿಕೆ ಬಂದಿಲ್ಲ ನನ್ ಹತ್ರ."

ಅದಾದ ಕೆಲ ದಿನಕ್ಕೆ ಆ ಹುಡುಗ ಮನೆಬಿಟ್ಟು ಹೋಗಿದ್ದ. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯವರ ಫೋನ್ ಎತ್ತುತ್ತಿರಲಿಲ್ಲ.

ನಾನು ಅಲ್ಲಿದ್ದಾಗಲೇ ಆ ತಾಯಿ ಮತ್ತೆ ಬಂದರು. ಬಾಗಿಲಲ್ಲಿ ಅವರನ್ನು ಕಂಡು ಇವಳಮ್ಮ ಎದ್ದು ನಿಂತರು; ಮತ್ತೆ ಜಗಳ ಎಂದೇ ನಾವೆಲ್ಲ ಅಂದುಕೊಂಡೆವು. ಅವರು ಜಗಳಕ್ಕೆ ಬಂದಿರಲಿಲ್ಲ. ಒಳಗೆ ಬಂದು ನೆಲದ ಮೇಲೆ ಕೂತು, ಹುಡುಗಿಯ ಕೈ ಹಿಡಿದುಕೊಂಡರು.

"ಏನಮ್ಮಾ, ನಾನು ಬೈದಿದ್ದು ಮನಸ್ಸಲ್ಲಿಟ್ಕೋಬೇಡ. ನಮ್ ಫೋನ್ ಅವ್ನು ಎತ್ತಲ್ಲ. ನಿಂದು ಹೋಗ್ತದಲ್ಲ ಅವ್ನಿಗೆ ದಿನಾ. ಎಲ್ಲಿದ್ದೀಯ ಅಂತ ಒಂದು ಮಾತು ಕೇಳಮ್ಮ. ದುಡ್ಡು ನಾವು ಕಟ್ಟಣ. ಊಟ ಮಾಡ್ತಿದ್ದಾನಾ ಅಂತ ಕೇಳು ಸಾಕು."

"ಆಂಟೀ, ನಾನಲ್ಲ ಮಾಡೋದು. ನನ್ ಹತ್ರ ಅವ್ನ ನಂಬರೂ ಇಲ್ಲ."

"ಅದೇ ಧ್ವನಿ ಅಲ್ವೇನಮ್ಮಾ ಇದು? ಈಗ ಮಾತಾಡ್ತಿರೋದು ಅದೇ ಅಲ್ವಾ?"

ಅವಳು ನನ್ನ ಕಡೆ ನೋಡಿದಳು. ನಾನು ಕಂಪ್ಯೂಟರ್ ಹೇಗೆ ಧ್ವನಿ ಕಲಿಯುತ್ತದೆ ಎಂದು ವಿವರಿಸಲು ಹೋದೆ. ಆ ತಾಯಿ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವಳ ಬಾಯನ್ನೇ ನೋಡುತ್ತಾ ಕೂತಿದ್ದರು, ಅಲ್ಲಿಂದ ಮಗನ ಸುದ್ದಿ ಹೊರಬರುತ್ತದೆ ಎಂಬಂತೆ. ಬಹಳ ಹೊತ್ತಾದ ಮೇಲೆ ಎದ್ದು ಹೋದರು. ಹೋಗುವಾಗ, "ಹೇಳೋಕ್ ಇಷ್ಟ ಇಲ್ಲ ಅಂದ್ರೆ ಬಿಡಮ್ಮ" ಎಂದರು.

ಆ ವಾರವೇ ನಾನೂ ಅವಳೂ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದವರು ಒರಟಾಗೇನೂ ಮಾತಾಡಲಿಲ್ಲ. ಕೂರಿಸಿ, ಎಲ್ಲ ಕೇಳಿ, ಕೊನೆಗೆ ಪೆನ್ನು ಕೆಳಗಿಟ್ಟರು. "ಕಳ್ಳತನ ಅಂತ ಬರ್ಕೊಳೋಣ ಅಂದ್ರೆ ವಸ್ತು ಹೋಗಿರ್ಬೇಕಲ್ಲಮ್ಮ. ನಿಮ್ ಧ್ವನಿ ನಿಮ್ ಹತ್ರನೇ ಇದೆ. ಮೋಸ ಅನ್ನಣ ಅಂದ್ರೆ ನೀವೇ ಸಹಿ ಮಾಡಿದ್ದೀರ." ಸರ್‌ಗೆ ನಾನು ಎಷ್ಟೋ ಸಲ ಫೋನ್ ಮಾಡಿದೆ. ಒಮ್ಮೆ ಎತ್ತಿ, ಮಾರಿದ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ, ತನಗೂ ಬೇಸರವಿದೆ ಎಂದರು. ಆಮೇಲೆ ಎತ್ತಲಿಲ್ಲ.

ಕೊನೆಗೆ ಬೆಂಗಳೂರಿಗೆ, ಆ ಕಂಪನಿಗೇ ಹೋದೆವು. ಗಾಜಿನ ಕಟ್ಟಡದ ಒಂದು ಅಂತಸ್ತು. ಬಹಳ ಹೊತ್ತು ಕಾಯಿಸಿದ ಮೇಲೆ ಒಬ್ಬ ಯುವಕ ಬಂದ. ನಮ್ಮಿಬ್ಬರಿಗೂ ನೀರು ತರಿಸಿ ಮರ್ಯಾದೆಯಿಂದಲೇ ಮಾತಾಡಿದ. ಕರಾರಿನ ಪ್ರಕಾರ ಧ್ವನಿಯನ್ನು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಎಂದ. ಅಲ್ಲಿಯವರೆಗೆ ಮಾತಾಡುತ್ತಿದ್ದವಳು ನಾನು. ಆಗ ಅವಳು ಬಾಯಿ ತೆರೆದಳು.

"ಸರ್, ನಮ್ಮೂರಲ್ಲಿ ನಾನು ಬಾಳಬೇಕು. ಆಸ್ಪತ್ರೇಲಿ ಚೀಟಿ ಕೊಡೋಕೆ ಹೆಸರು ಕೇಳಿದ್ರೆ ಜನ ಬೆಚ್ಚಿಬೀಳ್ತಾರೆ. ಒಬ್ಬ ಹುಡುಗ ಮನೆ ಬಿಟ್ಟು ಹೋಗಿದ್ದಾನೆ. ದಯವಿಟ್ಟು ನಿಲ್ಲಿಸಿ."

ಆ ಯುವಕ ಬೆರಗಾಗಿ ಅವಳನ್ನು ನೋಡಿದ. ಅವಳು ಹೇಳಿದ ವಿಷಯಕ್ಕಲ್ಲ. "ಅರೆ, ಸೇಮ್ ಟು ಸೇಮ್!" ಎಂದು ಎದ್ದು, ಕ್ಯಾಬಿನ್ನಿನ ಬಾಗಿಲು ತೆರೆದು ಆಚೆಯವರನ್ನು ಕರೆದ. ಇಬ್ಬರು ಮೂವರು ಬಂದರು. "ಇವರೇ ನಮ್ಮ ಕನ್ನಡ ವಾಯ್ಸ್. ಒಂದ್ಸಲ ಏನಾದ್ರೂ ಹೇಳಿ ಮೇಡಂ. 'ಕಂತು ಬಾಕಿ ಇದೆ ಕಣಪ್ಪ' ಅನ್ನಿ." ಬಂದವರು ನಗುತ್ತಾ, ಮೊಬೈಲ್ ಹಿಡಿದು ಕಾದು ನಿಂತರು. ಅವರಿಗೆ ಕೆಟ್ಟ ಮನಸ್ಸೇನೂ ಇದ್ದಂತೆ ಕಾಣಲಿಲ್ಲ. ಟಿ.ವಿ.ಯಲ್ಲಿ ನೋಡಿದವರನ್ನು ಎದುರಿಗೆ ಕಂಡ ಹಾಗೆ ಅವರ ಮುಖ ಅರಳಿತ್ತು.

ಅವಳು ತುಟಿ ಬಿಗಿದುಕೊಂಡಳು. ನಾನು ಅವಳ ತೋಳು ಹಿಡಿದು ಹೊರಗೆ ಕರೆತಂದೆ. ಚಿಂತಾಮಣಿಯವರೆಗೂ ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ನಾನು ಏನು ಕೇಳಿದರೂ ತಲೆಯಾಡಿಸಿದಳು. ಕೈವಾರದ ಹತ್ತಿರ ಬಂದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ಆದರೆ ಅತ್ತ ಶಬ್ದವೂ ನನಗೆ ಕೇಳಿಸಲಿಲ್ಲ.

ಆಸ್ಪತ್ರೆಯವರು ಅವಳನ್ನು ಕೌಂಟರಿನಿಂದ ಎತ್ತಿ ಹಿಂದಿನ ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿಂದ ಅವಳೇ ಬಿಟ್ಟಳು. ಹೆಣ್ಣು ನೋಡಲು ಬಂದ ಒಂದು ಗಂಡಿನ ಮನೆಯವರು ಹುಡುಗಿಯನ್ನು ಮಾತಾಡಿಸಿ ನೋಡಿ ಎದ್ದು ಹೋದರಂತೆ. ಆ ಮನೆಯಲ್ಲಿ ಯಾರಿಗೆ ಆ ಕರೆ ಬಂದಿತ್ತೋ.

ಎದುರುಮನೆಯ ಹುಡುಗ ವಾಪಸು ಬಂದ. ಹೊಸೂರಿನಲ್ಲಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದನಂತೆ. ಅಪ್ಪ ಸಾಲ ತೀರಿಸಿ ಕರೆತಂದಿದ್ದರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅವನನ್ನು ಕಂಡು ಇವಳಿಗೆ ಸಂತೋಷವಾಗಿ, ಚಿಕ್ಕಂದಿನಿಂದ ಮಾತಾಡಿಸಿದ ಹಾಗೆಯೇ, "ಯಾವಾಗ ಬಂದ್ಯೋ?" ಎಂದಳು. ಹುಡುಗ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಬೀಳಿಸಿ ಒಳಗೆ ಓಡಿದ. ಅವನ ತಾಯಿ ಬಂದು ಹಾಲು ಚೆಲ್ಲಿದ ಜಾಗಕ್ಕೆ ನೀರು ಹಾಕಿ, ಬಾಗಿಲು ಮುಚ್ಚಿಕೊಂಡರು. ಇದನ್ನು ಅವಳೇ ನನಗೆ ಮೊಬೈಲಿನಲ್ಲಿ ಬರೆದು ತಿಳಿಸಿದಳು. ಫೋನ್ ಮಾಡುವುದನ್ನು ಅಷ್ಟರಲ್ಲಿ ಪೂರ್ತಿ ಬಿಟ್ಟಿದ್ದಳು.

ಮುಂದಿನ ಬೇಸಿಗೆಯಲ್ಲಿ ಕಂಪನಿ ಧ್ವನಿ ಬದಲಿಸಿತು. ಯಾರದೋ ದೂರು, ಯಾವುದೋ ಕೋರ್ಟು ಎಂದು ಸುದ್ದಿ ಕೇಳಿದೆ, ನಿಜವೋ ಏನೋ. ಈಗ ಗಂಡಸಿನ ಧ್ವನಿ, ಉತ್ತರದ ಕಡೆಯ ಕನ್ನಡ. ಅದೂ ಯಾರದೋ ಮನೆಯ ಮಗನದ್ದೇ ಇರಬೇಕು. ನಾನು ಅವಳಿಗೆ ಖುಷಿಯಿಂದ ತಿಳಿಸಿದೆ. 'ಹೌದಾ ಅಕ್ಕ' ಎಂದಷ್ಟೇ ಬರೆದಳು.

ಆಮೇಲೆ ಅವಳು ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕವೊಂದಕ್ಕೆ ಸೇರಿದಳೆಂದು ತಿಳಿದು ನೋಡಲು ಹೋದೆ. ಡಿಗ್ರಿ ಮಾಡಿದವಳು ಅಲ್ಲಿಗೇಕೆ ಹೋದಳು ಎಂಬುದು ಒಳಗೆ ಕಾಲಿಟ್ಟ ಕೂಡಲೇ ಅರ್ಥವಾಯಿತು. ಸಾಲು ಸಾಲು ರಾಟೆಗಳ ಸದ್ದು. ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಹೆಂಗಸರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಕುದಿಯುವ ನೀರಿನ ಹಬೆ, ಬೆಂದ ಹುಳುವಿನ ವಾಸನೆ. ಅವಳು ಬಿಸಿನೀರಿನ ತೊಟ್ಟಿಯೆದುರು ಕೂತು ತೇಲುವ ಗೂಡುಗಳಿಂದ ಎಳೆ ಹಿಡಿದು ಮೇಲಕ್ಕೆ ಕೊಡುತ್ತಿದ್ದಳು. ಬೆರಳ ತುದಿಗಳು ಬೆಳ್ಳಗೆ ನೆನೆದು ಸುಕ್ಕಾಗಿದ್ದವು. ನನ್ನನ್ನು ಕಂಡು ನಕ್ಕಳು. ಐದು ನಿಮಿಷ ಎಂದು ಬೆರಳು ತೋರಿಸಿದಳು.

ಕೆಲಸ ಮುಗಿಸಿ ಬಂದವಳ ಜೊತೆ ಬಸ್‌ ನಿಲ್ದಾಣದವರೆಗೆ ನಡೆದೆ. ಮಾತಾಡಿದಳು, ಆದರೆ ಗಂಟಲೊಳಗೇ, ಪಿಸುಮಾತಿನಂತೆ. ನೆಗಡಿಯಾಗಿದೆಯಾ ಎಂದು ಕೇಳಿದೆ.

"ಇಲ್ಲಕ್ಕ. ಹಿಂಗೇ ಅಭ್ಯಾಸ ಮಾಡ್ಕೊಂಡಿದ್ದೀನಿ. ಮನೇಲೂ ಹಿಂಗೇ."

"ಈಗ ಆ ಧ್ವನಿ ತೆಗೆದಿದ್ದಾರಲ್ಲಮ್ಮ. ಜನ ಮರೀತಾರೆ."

"ಜನ ಮರೀತಾರಕ್ಕ. ನನಗೇ ಆಗ್ತಿಲ್ಲ. ಬಾಯಿ ಬಿಟ್ರೆ ಆ ಫೋನಿನವಳೇ ಮಾತಾಡ್ದಂಗಾಯ್ತದೆ."

ಸಂಬಳ ಹೇಗೆ, ಅಮ್ಮನ ಕಾಲುನೋವು ಹೇಗೆ, ಅಪ್ಪನ ಆಟೋ ಮಾರಿದ್ದು ನಿಜವೇ ಎಂದೆಲ್ಲ ಕೇಳುತ್ತಾ ಹೋದೆ. ಒಂದೊಂದಕ್ಕೂ ಚುಟುಕಾಗಿ ಉತ್ತರಿಸಿದಳು. ನನ್ನ ಬಗ್ಗೆ ಅವಳಿಗೆ ಸಿಟ್ಟಿದೆಯೇ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಇಲ್ಲ ಎಂದೇ ಹೇಳುತ್ತಿದ್ದಳು. ಅದನ್ನು ಹೇಳಿಸಿ ನಾನು ಸಮಾಧಾನಪಟ್ಟುಕೊಂಡು ಆಗಬೇಕಾದ್ದೇನು?

ಚಿಂತಾಮಣಿ ಬಸ್ಸು ತುಂಬಿತ್ತು. ಅವಳು ಹತ್ತಿ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತಳು. ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಆಧಾರ್ ತೋರಿಸಿ ಊರು ಹೇಳಿದರೆ ಸಾಕು. ದಿನಾ ನೋಡುವ ಕಂಡಕ್ಟರು ಕೇಳದೆಯೇ ಟಿಕೆಟ್ ಕೊಡುತ್ತಾರೆಂದು ದಾರಿಯಲ್ಲಿ ಹೇಳಿದ್ದಳು. ಅವತ್ತಿದ್ದವರು ಬೇರೆ. ಕಾರ್ಡ್ ನೋಡಿ, "ಎಲ್ಲಿಗಮ್ಮಾ?" ಎಂದರು. ಅವಳು ತುಟಿ ಅಲುಗಿಸಿದಳು. "ಜೋರಾಗಿ ಹೇಳಮ್ಮಾ, ಎಲ್ಲಿಗೆ?"

ಅವಳು ಬಗ್ಗಿ ಬಾಗಿಲಿನಾಚೆ ನಿಂತಿದ್ದ ನನ್ನನ್ನು ನೋಡಿದಳು.

"ಚಿಂತಾಮಣಿ" ಎಂದು ನಾನು ಕೆಳಗಿನಿಂದ ಕೂಗಿ ಹೇಳಿದೆ. ಕಂಡಕ್ಟರು ಟಿಕೆಟ್ ಹರಿದು ಅವಳ ಕೈಗಿಟ್ಟು ಸೀಟಿ ಊದಿದರು.